ಕೆ. ವಿ. ಅಯ್ಯರ್‌ರವರು : ಅಂಗಸಾಧನೆಗೂ ಕಲಾಸೇವೆಗೂ ಮೀಸಲಾದ ಒಂದು ಬಾಳು

ಬೆಂಗಳೂರು ನಗರದಲ್ಲಿ ಹತ್ತು ಕಿಲೋಮೀಟರುಗಳ ಸಾರ್ವಜನಿಕ ಓಟವೊಂದು 2008ರಲ್ಲಿ ಆರಂಭವಾಯಿತು. ಲೋಕಪ್ರಸಿದ್ಧರಾದ ಓಟಗಾರರು ಓಡಿದ ಬೀದಿಗಳಲ್ಲಿಯೇ ಸಾಮಾನ್ಯ ಗೃಹಸ್ಥರೂ, ಗೃಹಿಣಿಯರೂ, ವೃದ್ಧರೂ, ಅಂಗವಿಕಲರೂ ಓಡುವುದನ್ನು ಜನರು ಅಲ್ಲಿ ಕಾಣುತ್ತಾರೆ. ಅದೇ ನಗರದ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆಯೆಂಬ ಉತ್ಸವವನ್ನು ಬಹು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅಂದು ಚಿತ್ರಕಾರರು ಬೀದಿಯ ಅಂಚಿನಲ್ಲಿ ಕುಳಿತು ತಮ್ಮ ಕೃತಿಗಳನ್ನು ಎಲ್ಲರ ಕಣ್ಣಿಗೂ ಎಟುಕುವಂತೆ ಇಡುತ್ತಾರೆ. ಆಟವೂ ಕಲೆಯೂ ಅರಮನೆಯ ಅಂಗಳದಿಂದ ಹೊರಟು ಸಾಮಾನ್ಯ ಜನರ ಬೀದಿಗೆ ಇಳಿದು ಬಂದಿವೆ. ಆದರೆ ಇಂತಹ ಬೆಳೆಯು ಒಂದೇ ಮಳೆಗೆ ಬೆಳೆಯುವಂತಹುದಲ್ಲ. ನೆಲವನ್ನು ಉತ್ತು ಬೀಜ ಬಿತ್ತಿದವರು ಹಿಂದೆ ಇದ್ದರು. ಅವರಲ್ಲಿ ಒಬ್ಬರ ಚರಿತ್ರೆಯನ್ನು ನಮ್ಮ ಶಾಲೆಯ ಈ ಸ್ಮರಣಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದೆ ಸಂಕ್ಷೇಪವಾಗಿ ಇಡಲು ಅಪೇಕ್ಷಿಸುತ್ತೇನೆ.

ಆ ಮಹನೀಯರೇ ಕೆ. ವಿ. ಅಯ್ಯರ್‌ರವರು. ಕೋಲಾರ ವೆಂಕಟೇಶ ಅಯ್ಯರ್ ಎಂಬುದು ಅವರ ಪೂರ್ಣ ನಾಮಧೇಯ. ಹಿರಿಯರಲ್ಲಿ ಕೆಲವರು ಅವರನ್ನು ವ್ಯಾಯಾಮಗುರುಗಳೆಂದು ಅರಿತಿದ್ದಾರೆ. ಕನ್ನಡ ಕಾದಂಬರಿಗಳನ್ನು ಓದಿದವರು ಅವರನ್ನು ಗ್ರಂಥಕರ್ತರೆಂದು ಅರಿತಿದ್ದಾರೆ. ಈ ಇಬ್ಬರೂ ಒಬ್ಬರೇ ಎಂಬುದನ್ನು ತಿಳಿದು ಬೆರಗಾಗುವವರೂ ಉಂಟು. ದೇಹವನ್ನು ಬೆಳೆಸುವವನಿಗೆ ಬುದ್ಧಿಯ ಗೊಡವೆ ಇರದು, ಪುಸ್ತಕ ಹಿಡಿದವನಿಗೆ ದೇಹದ ಗೊಡವೆ ಬೇಡ ಎಂಬ ತಪ್ಪು ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆ ಭಾವನೆಗೆ ಅಯ್ಯರ್‌ರವರ ಬಾಳೇ ಪ್ರತ್ಯುತ್ತರವಾಗಿದೆ.

ಅವರು ಹುಟ್ಟಿದ್ದು 1897ರಲ್ಲಿ, ಕೋಲಾರ ಸೀಮೆಯ ದೇವರಾಯಸಮುದ್ರವೆಂಬ ಗ್ರಾಮದಲ್ಲಿ. ಕೋಲಾರದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ನಮ್ಮ ಹೊಸಕೋಟೆಯನ್ನು ಹಾದು ಬರುತ್ತದೆ. ಆ ದಾರಿಯ ಎರಡು ಕಡೆಯ ಹಳ್ಳಿಗಳಲ್ಲಿಯೂ, ಹಾಗೆಯೇ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯ ಹಳ್ಳಿಗಳಲ್ಲಿಯೂ, ಆ ಕಾಲದಲ್ಲಿ ಗರಡಿಮನೆಗಳು ಇದ್ದವು. ತಗ್ಗಾದ ಬಾಗಿಲು, ಹದಮಾಡಿದ ಕೆಮ್ಮಣ್ಣಿನ ಅಖಾಡ, ಗೂಡಿನಲ್ಲಿ ಆಂಜನೇಯನ ಮೂರ್ತಿ, ಮೂಲೆಯಲ್ಲಿ ಲೋಡು ಮತ್ತು ಗದೆ: ಇಷ್ಟೇ ಅದರ ಸಂಪತ್ತು. ಜಾತ್ರೆಯ ದಿನ ಕುಸ್ತಿ, ಸುಗ್ಗಿಯ ಬಳಿಕ ರಾತ್ರಿಯೆಲ್ಲ ಮೂಡಲಪಾಯದ ಬಯಲಾಟ. ಹಗಲು ಮಟ್ಟಿಯ ಮೇಲೆ ಕಾದಾಡಿದ ಯುವಕನು ಇರುಳು ಬಣ್ಣ ಹಚ್ಚಿಕೊಂಡು ಭೀಮನ ಪಾತ್ರವನ್ನು ಕುಣಿಯುವುದು ಅಂದಿನ ಹಳ್ಳಿಗೆ ಸೋಜಿಗದ ಸಂಗತಿಯಾಗಿರಲಿಲ್ಲ. ಅಂಗಸಾಧನೆಯೂ ಕಲೆಯೂ ಹಳ್ಳಿಯಲ್ಲಿ ಒಂದೇ ಮನೆಯ ಮಕ್ಕಳಾಗಿದ್ದವು. ಪಟ್ಟಣದಲ್ಲಿ ಬೇರೆಬೇರೆಯಾಗಿಹೋಗಿದ್ದ ಆ ಮಕ್ಕಳನ್ನು ಮರಳಿ ಒಂದೇ ಸೂರಿನಡಿ ಕೂಡಿಸಿದ ಕೀರ್ತಿಯು ಅಯ್ಯರ್‌ರವರಿಗೆ ಸಲ್ಲತಕ್ಕದ್ದು.

ಅವರು ಬೆಳೆಯುತ್ತಿದ್ದ ದಿನಗಳಲ್ಲಿ ಲೋಕದ ಹಲವು ದೇಶಗಳಲ್ಲಿ ದೇಹಪೋಷಣೆಯ ವಿಷಯವಾಗಿ ಹೊಸ ಉತ್ಸಾಹವೊಂದು ಎದ್ದಿತ್ತು. ಯೂರೋಪಿನ ಪ್ರಖ್ಯಾತ ಬಲಶಾಲಿಯಾದ ಯೂಜೆನ್ ಸ್ಯಾಂಡೋ ಎಂಬಾತನು 1904-05ರಲ್ಲಿ ಭರತಖಂಡದಲ್ಲಿ ಸಂಚರಿಸಿ ತನ್ನ ಸಾಮರ್ಥ್ಯವನ್ನು ಪ್ರದರ್ಶಿಸಿದನು. ಇಂದಿಗೂ ತೋಳಿಲ್ಲದ ಒಳಂಗಿಯನ್ನು ನಮ್ಮ ಜನರು ಸ್ಯಾಂಡೋ ಬನಿಯನ್ನೆಂದು ಕರೆಯುವುದರಿಂದ ಆತನ ಹೆಸರು ಎಷ್ಟು ದೂರ ಹಬ್ಬಿತ್ತೆಂಬುದನ್ನು ಊಹಿಸಬಹುದು. ನಮ್ಮ ದೇಶದಲ್ಲಿಯೇ ಕೋಡಿ ರಾಮಮೂರ್ತಿ ನಾಯುಡು ಮೊದಲಾದ ಬಲಶಾಲಿಗಳು ಪ್ರಸಿದ್ಧರಾಗಿದ್ದರು. ಪರರ ಆಳ್ವಿಕೆಗೆ ಒಳಪಟ್ಟ ಜನರು ಹುಟ್ಟಿನಿಂದಲೇ ದುರ್ಬಲರೆಂಬ ತಾತ್ಸಾರದ ಮಾತು ಅಂದು ಎಲ್ಲೆಲ್ಲಿಯೂ ಕೇಳಿಬರುತ್ತಿತ್ತು. ಶಾಲೆಗಳಲ್ಲಿ ಓದಿದ ಯುವಕರು ಬಾಗಿದ ಬೆನ್ನು, ಸಣ್ಣಗಾದ ಎದೆ ಇವನ್ನು ವಿದ್ಯೆಯ ಲಕ್ಷಣವೆಂದೇ ಭಾವಿಸಿದ್ದರು. ಈ ತಾತ್ಸಾರಕ್ಕೂ ಈ ಭ್ರಾಂತಿಗೂ ಮಾತಿನಿಂದ ಉತ್ತರ ಕೊಟ್ಟರೆ ಸಾಲದು, ದೇಹದಿಂದಲೇ ಉತ್ತರ ಕೊಡಬೇಕೆಂದು ನಿಶ್ಚಯಿಸಿದವರ ಪಂಕ್ತಿಯಲ್ಲಿ ಅಯ್ಯರ್‌ರವರು ಸೇರಿದವರು.

1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕಾದ ಮಹನೀಯರು ವೈ.ಎಂ.ಸಿ.ಎ. ಸಂಸ್ಥೆಯ ಆಶ್ರಯದಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದರು. ದಕ್ಷಿಣ ದೇಶದ ಶಾಲೆಗಳಲ್ಲಿ ಆಟದ ಪಾಠವು ನೆಲೆಗೊಳ್ಳಲು ಆ ಸಂಸ್ಥೆಯಿಂದ ಆದ ಉಪಕಾರವು ಅಲ್ಪವಲ್ಲ. ಅದಾದ ಎರಡು ವರ್ಷಗಳಿಗೆ, 1922ರಲ್ಲಿ, ಅಯ್ಯರ್‌ರವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಎಂಬ ವ್ಯಾಯಾಮಶಾಲೆಯನ್ನು ಸ್ಥಾಪಿಸಿದರು. ಬಕ್‌ರವರದು ಆಟದ ಬಯಲಿನ ಮಾರ್ಗ. ಅಯ್ಯರ್‌ರವರದು ಭಾರದ ಸಲಾಕೆಗಳ ಮಾರ್ಗ. ಆದರೆ ಸಾಮಾನ್ಯರ ಮಕ್ಕಳಿಗೂ ಶರೀರದ ಶಿಕ್ಷಣವು ದೊರೆಯಬೇಕೆಂಬ ಹಂಬಲವು ಇಬ್ಬರಿಗೂ ಒಂದೇ ಆಗಿತ್ತು.

ಅಯ್ಯರ್‌ರವರ ಪದ್ಧತಿಯಲ್ಲಿ ಒಂದು ವಿಶೇಷವಿತ್ತು. ಅವರು ಪಶ್ಚಿಮ ದೇಶದ ಉಪಕರಣಗಳನ್ನು ತಿರಸ್ಕರಿಸಲಿಲ್ಲ. ಹಾಗೆಂದು ಸ್ವದೇಶದ ಯೋಗಾಸನಗಳನ್ನು ಹಳೆಯ ಕಾಲದ ಸಾಧುಗಳ ಆಚಾರವೆಂದು ಬದಿಗೊತ್ತಲೂ ಇಲ್ಲ. ಸಲಾಕೆಯಿಂದ ಮಾಂಸಖಂಡಗಳಿಗೆ ಬಲ, ಆಸನಗಳಿಂದ ಒಳಗಿನ ಅಂಗಗಳಿಗೆ ಆರೋಗ್ಯ ಎಂಬುದಾಗಿ ಎರಡನ್ನೂ ಬೆಸೆದರು. ಈ ಕಾರ್ಯದಲ್ಲಿ ಬೆಂಗಳೂರಿನವರೇ ಆದ ಯೋಗಾಚಾರ್ಯ ಸುಂದರಂ ಅವರು ಸಹಕಾರಿಗಳಾಗಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯು ಏರ್ಪಟ್ಟಿತು. ಹೀಗೆ ನಮ್ಮ ಮೈಸೂರು ಸಂಸ್ಥಾನದಿಂದ ಹೊರಟ ಈ ವಿದ್ಯೆಯು ಇಂದು ಲೋಕದ ಮೂಲೆಮೂಲೆಗಳಲ್ಲಿ ಹರಡಿರುವುದನ್ನು ಎಲ್ಲರೂ ಬಲ್ಲರು.

ಬಲವೊಂದೇ ಅವರ ಗುರಿಯಾಗಿರಲಿಲ್ಲ. ಅಂಗಾಂಗಗಳು ಒಂದಕ್ಕೊಂದು ಹೊಂದಿಕೊಂಡು, ಶಿಲ್ಪಿಯು ಅಳೆದು ಕಡೆದ ಪ್ರತಿಮೆಯಂತೆ ಇಡೀ ಶರೀರವು ಸಮತೋಲವಾಗಿರಬೇಕೆಂಬುದು ಅವರ ಆಶಯ. ಈ ವಿಷಯವಾಗಿ ಅವರು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದರು. ‘ಮಸಲ್ ಕಲ್ಟ್’ 1930ರಲ್ಲಿಯೂ, ‘ಪರ್ಫೆಕ್ಟ್ ಫಿಸಿಕ್’ 1936ರಲ್ಲಿಯೂ, ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕವು 1937ರಲ್ಲಿಯೂ ಪ್ರಕಟವಾದವು. ಬೆಂಗಳೂರಿಗೆ ಬಂದು ಕಲಿಯಲಾರದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುವ ಏರ್ಪಾಡನ್ನೂ ಮಾಡಿದರು. ಅವರ ಛಾಯಾಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು. ತಮ್ಮ ದೇಹದ ಸೌಷ್ಠವವನ್ನು ಕುರಿತು ತಾವೇ ಧಾರಾಳವಾಗಿ ಹೊಗಳಿ ಬರೆದುಕೊಂಡದ್ದೂ ಉಂಟು. ವಿನಯವನ್ನು ಬೋಧಿಸುವ ನಮಗೆ ಅದು ಅಷ್ಟಾಗಿ ರುಚಿಸದು. ಆದರೂ ನೋಡಿ: ನಿಮ್ಮ ದೇಹವು ಹೀನವಾದುದು ಎಂದು ಪರರು ಅನುದಿನವೂ ಹೇಳುತ್ತಿದ್ದಾಗ, ಒಬ್ಬ ಹಳ್ಳಿಯ ಹುಡುಗನು ಎದೆಯೆತ್ತಿ ನಿಂತು ತನ್ನ ದೇಹವು ದೇವರ ಸುಂದರವಾದ ಕೃತಿಯೆಂದು ಸಾರಿದನಾದರೆ ಅದರಲ್ಲಿ ಗರ್ವವೆಷ್ಟು, ಕೃತಜ್ಞತೆಯೆಷ್ಟು ಎಂದು ಅಳೆದು ಹೇಳುವುದು ಸುಲಭವಲ್ಲ.

ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಅಯ್ಯರ್‌ರವರ ಕಾರ್ಯವನ್ನು ಮೆಚ್ಚಿ ಪ್ರೋತ್ಸಾಹವಿತ್ತರು. ಹಲವು ಕಡೆಗಳಲ್ಲಿ ನಡೆದುಬಂದ ವ್ಯಾಯಾಮಶಾಲೆಗೆ 1940ರಲ್ಲಿ ಜೆ. ಸಿ. ರಸ್ತೆಯಲ್ಲಿ ಸ್ವಂತದ ಕಟ್ಟಡವಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಅರಸರು ದಿವಂಗತರಾದರು. ಆ ಕಟ್ಟಡವು ಕಾಲಾನುಕ್ರಮದಲ್ಲಿ ಬೆಂಗಳೂರಿನ ಯುವಜನರಿಗೆ ಮೈಯನ್ನು ಹುರಿಗೊಳಿಸುವ ಸ್ಥಳವಾದಂತೆಯೇ ಮನಸ್ಸನ್ನು ಹದಗೊಳಿಸುವ ಸ್ಥಳವೂ ಆಯಿತು.

ಇದು ಹೇಗಾಯಿತೆಂಬುದನ್ನು ಹೇಳಬೇಕಾದರೆ ಟಿ. ಪಿ. ಕೈಲಾಸಂ ಅವರ ಹೆಸರನ್ನು ಎತ್ತಲೇಬೇಕು. 1884ರಲ್ಲಿ ಹುಟ್ಟಿ 1946ರಲ್ಲಿ ಗತಿಸಿದ ಕೈಲಾಸಂ ಅವರು ನ್ಯಾಯಾಧೀಶರ ಮಗನಾಗಿ ಬೆಳೆದು, ಲಂಡನ್ನಿಗೆ ಹೋಗಿ ಭೂವಿಜ್ಞಾನವನ್ನು ಓದಿಬಂದವರು. ಕಾಲ್ಚೆಂಡಿನ ಆಟದಲ್ಲಿ ಗೋಲನ್ನು ಕಾಯುವುದರಲ್ಲಿ ನಿಪುಣರೆನಿಸಿದ್ದರು. ಅವರು ಸರ್ಕಾರದ ಉದ್ಯೋಗವನ್ನು ತೊರೆದು ನಾಟಕಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಸ್ವತಃ ಬರೆಯುವುದಕ್ಕಿಂತ ಹೆಚ್ಚಾಗಿ ಸ್ನೇಹಿತರ ಮುಂದೆ ಕುಳಿತು ಹೇಳಿ ಬರೆಯಿಸುವುದು ಅವರ ಅಭ್ಯಾಸ. ಇವರ ‘ಟೊಳ್ಳುಗಟ್ಟಿ’ ಎಂಬ ನಾಟಕದಲ್ಲಿ ಪರೀಕ್ಷೆಯೊಂದನ್ನೇ ಪರಮಾರ್ಥವೆಂದು ತಿಳಿದ ಮಗನೊಬ್ಬನೂ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಯವರ ಕಷ್ಟಕ್ಕೆ ಹೆಗಲು ಕೊಡುವ ಮಗನೊಬ್ಬನೂ ಬರುತ್ತಾರೆ. ಯಾವುದು ಟೊಳ್ಳು, ಯಾವುದು ಗಟ್ಟಿ ಎಂಬುದನ್ನು ನೋಡುವವರೇ ತೀರ್ಮಾನಿಸಿಕೊಳ್ಳಬೇಕು. ಅಯ್ಯರ್‌ರವರು ಕೈಲಾಸಂ ಅವರಿಗೆ ಆಪ್ತ ಸ್ನೇಹಿತರಾಗಿದ್ದರು. ಅವರ ಸ್ನೇಹದ ನೆನಪುಗಳನ್ನು ಕೂಡಿಸಿ ಮುಂದೆ ‘ಕೈಲಾಸಂ ಸ್ಮರಣೆ’ ಎಂಬ ಗ್ರಂಥವನ್ನೇ ಬರೆದರು. ಸ್ನೇಹಿತನ ಗುಣವನ್ನೂ ದೌರ್ಬಲ್ಯವನ್ನೂ ಬಲ್ಲವನು ಪ್ರೀತಿಯಿಂದ ಬರೆದ ಗ್ರಂಥವದು.

ಅಂದಿನ ದಿನಗಳಲ್ಲಿ ನಾಟಕವೆಂದರೆ ಗುಬ್ಬಿ ವೀರಣ್ಣನವರ ಕಂಪನಿಯಂತಹ ವೃತ್ತಿಮಂಡಲಿಗಳ ವೈಭವವು ಜನರ ಕಣ್ಣಮುಂದೆ ನಿಲ್ಲುತ್ತಿತ್ತು. ಅದರ ಜೊತೆಯಲ್ಲಿ, ಹಗಲು ಕಚೇರಿ ಕಾಲೇಜುಗಳಲ್ಲಿ ದುಡಿದು ಸಂಜೆ ಸಂಬಳವಿಲ್ಲದೆ ಅಭಿನಯಿಸುವ ಹವ್ಯಾಸಿಗಳ ಸಂಪ್ರದಾಯವೂ ಬೆಂಗಳೂರಿನಲ್ಲಿ ಬೆಳೆಯಿತು. 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಅದಕ್ಕೆ ನಾಂದಿಯಾಯಿತು. ಅಯ್ಯರ್‌ರವರ ವ್ಯಾಯಾಮಶಾಲೆಯ ಶಿಷ್ಯರು ಕೂಡಿ ಕಟ್ಟಿದ ರವಿ ಕಲಾವಿದರು ಎಂಬ ತಂಡವು ಆ ಸಂಪ್ರದಾಯದಲ್ಲಿ ಗಣ್ಯವಾದ ಸ್ಥಾನವನ್ನು ಪಡೆಯಿತು. ಸಲಾಕೆ ಎತ್ತಿದ ಕೈಗಳೇ ಪರದೆಯನ್ನೂ ಎತ್ತಿದವು. ವ್ಯಾಯಾಮದಲ್ಲಿ ಕಲಿತ ಉಸಿರಿನ ಹಿಡಿತವು ಸಂಭಾಷಣೆಗೆ ಬೇಕಾಯಿತು. ನೇರವಾಗಿ ನಿಲ್ಲುವ ಅಭ್ಯಾಸವು ರಂಗದ ಮೇಲಿನ ನಿಲುವಿಗೆ ಒದಗಿತು. ಹೊತ್ತಿಗೆ ಸರಿಯಾಗಿ ಬರುವ ಶಿಸ್ತು, ಒಬ್ಬನು ತಪ್ಪಿದರೆ ಹತ್ತು ಮಂದಿಗೂ ಹಾನಿಯೆಂಬ ಅರಿವು ಇವು ಎರಡಕ್ಕೂ ಸಮಾನವಾದ ಪಾಠಗಳು. ಶಿಕ್ಷಣವನ್ನು ವೃತ್ತಿಯಾಗಿ ಕೈಕೊಂಡ ನಮಗೆ ಇದರಲ್ಲಿ ಕಲಿಯಬೇಕಾದುದು ಬಹಳವಿದೆ.

ಅಯ್ಯರ್‌ರವರು ಲೇಖನಿಯನ್ನು ಹಿಡಿದು ‘ಶಾಂತಲಾ’, ‘ರೂಪದರ್ಶಿ’, ‘ಲೀನಾ’ ಎಂಬ ಕಾದಂಬರಿಗಳನ್ನು ರಚಿಸಿದರು. ಇವುಗಳಲ್ಲಿ ಮೊದಲನೆಯ ಎರಡು ನಮಗೆ ವಿಶೇಷವಾಗಿ ಸಂಬಂಧಿಸಿದವು.

ಶಾಂತಲೆಯು ಹೊಯ್ಸಳ ದೊರೆಯಾದ ವಿಷ್ಣುವರ್ಧನನ ಪಟ್ಟಮಹಿಷಿ. ಸಂಗೀತದಲ್ಲಿಯೂ ನಾಟ್ಯದಲ್ಲಿಯೂ ಆಕೆಯ ಪಾಂಡಿತ್ಯವನ್ನು ಶಾಸನಗಳು ಕೊಂಡಾಡುತ್ತವೆ. ತಂದೆ ಶೈವ, ತಾಯಿ ಜೈನಳು. ಪತಿಯು ವಿಷ್ಣುಭಕ್ತ, ಆಕೆಯು ಜಿನಭಕ್ತೆಯಾಗಿಯೇ ಉಳಿದವಳು. ಬೇಲೂರಿನಲ್ಲಿ ಚನ್ನಿಗರಾಯನ ಗುಡಿಯನ್ನೂ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. 1131ರಲ್ಲಿ ಆಕೆಯು ಶಿವಗಂಗೆಯಲ್ಲಿ ದೇಹವನ್ನು ತ್ಯಜಿಸಿದಳೆಂದು ಶಾಸನವು ತಿಳಿಸುತ್ತದೆ. ಆ ಶಿವಗಂಗೆಯು ನಮ್ಮ ನೆಲಮಂಗಲ ತಾಲ್ಲೂಕಿನಲ್ಲಿಯೇ ಇದೆ. ಬೆಟ್ಟದ ಮೇಲಿನ ಕಡಿದಾದ ಬಂಡೆಯೊಂದನ್ನು ಜನರು ಇಂದಿಗೂ ಆಕೆಯ ಹೆಸರಿನಿಂದ ಗುರುತಿಸುತ್ತಾರೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಆ ಬೆಟ್ಟವನ್ನು ಹತ್ತಿದವರು. ಕಲೆಯು ರಾಣಿಯ ಗೌರವವನ್ನು ಕುಂದಿಸಲಿಲ್ಲ, ಹೆಚ್ಚಿಸಿತು ಎಂಬುದನ್ನು ಅಲ್ಲಿ ನಿಂತು ನೆನೆಯತಕ್ಕದ್ದು. ಕಾಲಾನಂತರದಲ್ಲಿ ಕುಣಿಯುವುದೂ ಹಾಡುವುದೂ ಕುಲೀನ ಹೆಣ್ಣುಮಕ್ಕಳಿಗೆ ಸಲ್ಲದೆಂಬ ನಿಂದೆ ಬಂದುದು ಕಲೆಯ ದೋಷದಿಂದಲ್ಲ, ಜನರ ದೃಷ್ಟಿಯ ದೋಷದಿಂದ.

ಶತಮಾನದ ನಡುಭಾಗದಲ್ಲಿ ಹೊರಬಂದ ‘ರೂಪದರ್ಶಿ’ಯ ವಸ್ತುವು ಕ್ರೈಸ್ತರಾದ ನಮ್ಮ ಹೃದಯವನ್ನು ನೇರವಾಗಿ ತಟ್ಟುವಂತಹುದು. ಇಟಲಿ ದೇಶದ ಮಹಾಕಲಾವಿದನಾದ ಮೈಕೆಲೇಂಜೆಲೊ ಇದರ ನಾಯಕ. ಯೇಸುಸ್ವಾಮಿಯ ಬಾಲ್ಯವನ್ನು ಚಿತ್ರಿಸುವುದಕ್ಕಾಗಿ ಆತನು ಕಳಂಕವಿಲ್ಲದ ಮುಖವೊಂದನ್ನು ಹುಡುಕಿ ಒಬ್ಬ ಬಾಲಕನನ್ನು ಕಂಡುಕೊಳ್ಳುತ್ತಾನೆ. ಬಹು ವರ್ಷಗಳು ಉರುಳಿದ ಬಳಿಕ ಸ್ವಾಮಿಯನ್ನು ಹಿಡಿದುಕೊಟ್ಟ ಯೂದನ ಮುಖಕ್ಕಾಗಿ ಹುಡುಕುತ್ತಾ, ಪಾಪದಿಂದ ಜರ್ಜರಿತನಾದ ಮನುಷ್ಯನೊಬ್ಬನನ್ನು ಎದುರಿಗೆ ಕೂಡಿಸಿಕೊಳ್ಳುತ್ತಾನೆ. ಅಂದಿನ ಬಾಲಕನೇ ಇಂದಿನ ಈ ಮನುಷ್ಯನು. ಇಂತಹುದೇ ದಂತಕಥೆಯನ್ನು ಲಿಯೊನಾರ್ಡೊ ಡ ವಿಂಚಿಯ ಕಡೆಯ ಭೋಜನದ ಚಿತ್ರದ ವಿಷಯವಾಗಿಯೂ ಹೇಳುವುದುಂಟು. ಚರಿತ್ರೆಯ ದೃಷ್ಟಿಯಿಂದ ಅದು ನಡೆದ ಸಂಗತಿಯಲ್ಲ. ಆದರೆ ಅದರಲ್ಲಿರುವ ಸತ್ಯವನ್ನು ಯಾವ ಉಪಾಧ್ಯಾಯಿನಿಯೂ ಅಲ್ಲಗಳೆಯಲಾರಳು.

ಜೀವಮಾನವೆಲ್ಲ ದೇಹಗಳನ್ನು ಸುಂದರಗೊಳಿಸಿದ ಮನುಷ್ಯನು ಈ ಕಥೆಯನ್ನು ಆರಿಸಿಕೊಂಡದ್ದೇಕೆ ಎಂದು ಯೋಚಿಸಿದಾಗ ನನಗೆ ಹೀಗೆ ತೋರುತ್ತದೆ. ನೂರಾರು ಹುಡುಗರು ಅವರ ಕಣ್ಣಮುಂದೆ ಬೆಳೆದರು. ತೋಳು ದಪ್ಪವಾಗುವುದನ್ನೂ ಎದೆ ಅಗಲವಾಗುವುದನ್ನೂ ಅವರು ಅಳೆದು ಗುರುತು ಹಾಕಬಲ್ಲವರಾಗಿದ್ದರು. ಆದರೆ ಆ ಚೆಲುವಾದ ದೇಹದೊಳಗಿರುವ ಜೀವವು ಇಪ್ಪತ್ತು ವರ್ಷಗಳ ಬಳಿಕ ಯಾವ ಮುಖವನ್ನು ಧರಿಸೀತೆಂಬುದನ್ನು ಅಳೆಯುವ ಪಟ್ಟಿಯು ಯಾರ ಬಳಿಯಲ್ಲಿಯೂ ಇಲ್ಲ. ಬಾಲಕನ ಮುಖವು ತಾನಾಗಿ ಕೆಡಲಿಲ್ಲ. ಚಿತ್ರವು ಮುಗಿದ ಬಳಿಕ ಅವನನ್ನು ಕೇಳುವವರು ಇರಲಿಲ್ಲ. ಶಾಲೆಯ ಬಾಗಿಲನ್ನು ದಾಟಿಹೋದ ಮಕ್ಕಳ ವಿಷಯದಲ್ಲಿ ನಮ್ಮ ಹೊಣೆಯು ಅಲ್ಲಿಗೇ ತೀರಿತೇ ಎಂಬ ಪ್ರಶ್ನೆಯನ್ನು ಈ ಗ್ರಂಥವು ನನ್ನ ಮುಂದೆ ಇರಿಸಿದೆ. ಹಳೆಯ ವಿದ್ಯಾರ್ಥಿನಿಯರ ಸಂಘಗಳು ಇರುವುದು ಕೇವಲ ವಾರ್ಷಿಕ ಭೋಜನಕ್ಕಾಗಿ ಅಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಅಯ್ಯರ್‌ರವರು 1980ರಲ್ಲಿ, ಎಂಬತ್ತು ವರ್ಷಗಳನ್ನು ಮೀರಿದ ತುಂಬು ವಯಸ್ಸಿನಲ್ಲಿ, ಇಹಲೋಕವನ್ನು ತ್ಯಜಿಸಿದರು. ಅವರ ವ್ಯಾಯಾಮಶಾಲೆಯು ಇದ್ದ ಜೆ. ಸಿ. ರಸ್ತೆಯಲ್ಲಿಯೇ ಕವಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ ರವೀಂದ್ರ ಕಲಾಕ್ಷೇತ್ರವು ಕಟ್ಟಲ್ಪಟ್ಟು 1963ರಲ್ಲಿ ಆರಂಭವಾಗಿತ್ತು. ಹವ್ಯಾಸಿ ನಟರ ಮುಂದಿನ ಪೀಳಿಗೆಗಳು ಅಲ್ಲಿ ಬೆಳೆದವು. ತಾವು ದುಡಿದ ಬೀದಿಯಲ್ಲಿಯೇ ನಾಡಿನ ದೊಡ್ಡ ರಂಗಮಂದಿರವೊಂದು ಎದ್ದು ನಿಂತುದನ್ನು ಕಣ್ಣಾರೆ ಕಾಣುವ ಭಾಗ್ಯವು ಅವರಿಗೆ ದೊರೆಯಿತು.

ಪೋಷಕರೇ, ಈ ಚರಿತ್ರೆಯನ್ನು ಬರೆಯಲು ನನಗೆ ಒಂದು ಕಾರಣವುಂಟು. ಆ ಕಾಲದ ವ್ಯಾಯಾಮಶಾಲೆಗಳು ಬಹುಮಟ್ಟಿಗೆ ಗಂಡುಮಕ್ಕಳಿಗೇ ತೆರೆದಿದ್ದವು. ರಂಗಭೂಮಿಯ ಮೇಲೆ ಹೆಣ್ಣಿನ ಪಾತ್ರವನ್ನೂ ಎಷ್ಟೋ ಕಡೆ ಹುಡುಗರೇ ವಹಿಸುತ್ತಿದ್ದರು. ಇಂದು ಕಾಯಿದೆಯಾಗಲಿ ಶಾಲೆಯಾಗಲಿ ನಿಮ್ಮ ಮಗಳನ್ನು ತಡೆಯುವುದಿಲ್ಲ. ಆದರೂ ಹುಡುಗಿಯು ಎಂಟನೆಯ ತರಗತಿಯನ್ನು ದಾಟಿದೊಡನೆ ಆಟದ ಬಯಲಿನಿಂದ ಹಿಂದೆ ಸರಿಯುತ್ತಾಳೆ. ಬಿಸಿಲಿಗೆ ಬಣ್ಣ ಕೆಡುವುದೆಂದು ಒಬ್ಬ ತಾಯಿ, ಪರೀಕ್ಷೆಗೆ ಹೊತ್ತು ಸಾಲದೆಂದು ಒಬ್ಬ ತಂದೆ, ನೆಂಟರು ಏನೆಂದಾರು ಎಂದು ಮತ್ತೊಬ್ಬರು ಚೀಟಿ ಬರೆದು ಕಳುಹಿಸುತ್ತಾರೆ. ಇವರೆಲ್ಲರೂ ಮಗಳ ಹಿತವನ್ನೇ ಬಯಸುವವರು. ಆದರೆ ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿಯೂ, ದೇವನಹಳ್ಳಿಯ ದ್ರಾಕ್ಷಿಯ ತೋಟದಲ್ಲಿಯೂ ಹೆಣ್ಣುಮಕ್ಕಳು ಮುಂಜಾನೆಯಿಂದ ದುಡಿಯುವುದನ್ನು ನಾವು ಕಾಣುತ್ತೇವೆ. ದುಡಿಮೆಗೆ ಬೇಡವೆನಿಸದ ಬಿಸಿಲು ಆಟಕ್ಕೆ ಮಾತ್ರ ಬೇಡವಾಯಿತೇ? ಮುಂದೆ ಗೃಹಕೃತ್ಯದ ಭಾರವನ್ನೂ ಉದ್ಯೋಗದ ಭಾರವನ್ನೂ ಕೂಡಿ ಹೊರಬೇಕಾದ ದೇಹಕ್ಕೆ ಎಳೆಯ ವಯಸ್ಸಿನಲ್ಲಿ ಬಲವನ್ನು ಕೊಡದೆ ಹೋದರೆ ಅದು ಯಾವ ಬಗೆಯ ಹಿತ?

ದೇಹವು ಪವಿತ್ರಾತ್ಮನಿಗೆ ಆಲಯವೆಂದು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬೋಧಿಸಿದನು. ಆಲಯವನ್ನು ಗುಡಿಸದೆ, ಗೋಡೆ ಬಿರುಕುಬಿಡಲು ಬಿಟ್ಟು, ಒಳಗೆ ಆರಾಧನೆ ಮಾಡುತ್ತೇವೆಂದರೆ ಅದು ಸಲ್ಲದು. ಯಜಮಾನನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಮ್ಮ ಮಕ್ಕಳು ಭಾನುವಾರದ ಪಾಠಶಾಲೆಯಲ್ಲಿ ಕಲಿಯುತ್ತಾರೆ. ಓಡಬಲ್ಲ ಕಾಲು, ಹಾಡಬಲ್ಲ ಕಂಠ, ಬಣ್ಣವನ್ನು ಬಲ್ಲ ಕೈ ಇವೂ ತಲಾಂತುಗಳೇ. ಅವು ಯಾವ ಮತದ, ಯಾವ ಜಾತಿಯ ಮಗುವಿಗೆ ದೊರೆತಿದ್ದರೂ ಕೊಟ್ಟವನು ಒಬ್ಬನೇ.

ಕೆ. ವಿ. ಅಯ್ಯರ್‌ರವರು ನಮ್ಮ ಮತದವರಲ್ಲ, ನಮ್ಮ ಊರಿನವರೂ ಅಲ್ಲ. ಆದರೆ ತಮಗೆ ದೊರೆತ ತಲಾಂತುಗಳಲ್ಲಿ ಒಂದನ್ನೂ ಹೂತಿಡದೆ, ದೇಹವನ್ನೂ ಬುದ್ಧಿಯನ್ನೂ ಕಲೆಯನ್ನೂ ಒಟ್ಟಿಗೆ ದುಡಿಯಿಸಿ, ಫಲವನ್ನು ಊರಿಗೆ ಹಂಚಿಹೋದರು. ಹಳೆಯ ವಿದ್ಯಾರ್ಥಿನಿಯರಾದ ನೀವು ನಿಮ್ಮ ನಿಮ್ಮ ಊರುಗಳಲ್ಲಿ ಹತ್ತು ಮಂದಿ ಹುಡುಗಿಯರನ್ನು ಕೂಡಿಸಿ ಒಂದು ಚೆಂಡನ್ನು ಕೊಡಿಸಿರಿ, ಒಂದು ಚಿಕ್ಕ ನಾಟಕವನ್ನು ಕಲಿಸಿರಿ. ಅದಕ್ಕೆ ಹೆಚ್ಚಿನ ಹಣವು ಬೇಕಿಲ್ಲ, ದಿನಕ್ಕೆ ಒಂದು ಗಂಟೆಯ ಬಿಡುವು ಮತ್ತು ಬಿಡದ ಮನಸ್ಸು ಸಾಕು. ಪೋಷಕರೇ, ಬರುವ ಕ್ರೀಡೋತ್ಸವದ ದಿನ ನಿಮ್ಮ ಮಗಳನ್ನು ಕಳುಹಿಸಿಕೊಡಿರಿ. ಸಾಧ್ಯವಾದರೆ ನೀವೂ ಬಂದು ಬಯಲಿನ ಅಂಚಿನಲ್ಲಿ ಕುಳಿತುಕೊಳ್ಳಿರಿ. ಅವಳು ಗೆದ್ದರೂ ಸೋತರೂ ಓಡುವಾಗ ಅವಳ ಮುಖವನ್ನು ನೋಡಿರಿ. ಆ ಮುಖವು ಬಾಳಿನುದ್ದಕ್ಕೂ ಹಾಗೆಯೇ ಬೆಳಗುತ್ತಿರಲೆಂದು ದೇವರನ್ನು ಬೇಡಿಕೊಳ್ಳುತ್ತೇನೆ.